ಓದಿನಿಂದ ಬರಹಕ್ಕೆ: ಪದವಿ ತರಗತಿಯ ಇಂಗ್ಲಿಷ್ ಕುರಿತು ಓದುಗರ ಪ್ರಶ್ನೆಗಳು

ಈಚಿನ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಕುರಿತವು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ಮಕ್ಕಳು ಇಂಗ್ಲಿಷಿನಲ್ಲಿ ತಕ್ಕಮಟ್ಟಿಗೆ ವ್ಯವಹರಿಸುತ್ತಾರೆ. ಆದರೆ ತಮ್ಮದೇ ವಿಷಯದ ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಓದಿ, ಅದರ ಮೇಲೆ ಒಂದು ಪುಟವನ್ನು ಸ್ವಂತವಾಗಿ ಬರೆಯಲು ಕುಳಿತರೆ ಕೈ ನಿಂತುಹೋಗುತ್ತದೆ. ಅಂಥ ಆರು ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ನನ್ನ ವಿದ್ಯಾರ್ಥಿಗಳು ಸಣ್ಣ ಕಥೆಯನ್ನು ಓದಿ ಅರ್ಥಮಾಡಿಕೊಳ್ಳುತ್ತಾರೆ, ಮೊಬೈಲಿನಲ್ಲಿ ಇಂಗ್ಲಿಷ್ ಸಂದೇಶ ಬರೆಯುತ್ತಾರೆ, ಸಂದರ್ಶನಕ್ಕೆ ಹೋದರೆ ತಡವರಿಸುತ್ತಲಾದರೂ ಉತ್ತರ ಕೊಡುತ್ತಾರೆ. ಆದರೆ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಪುಸ್ತಕವನ್ನು ತೆರೆಯುವುದೇ ಇಲ್ಲ. ಗೈಡಿನಿಂದ ನಕಲು ಮಾಡಿ ತರುತ್ತಾರೆ. ವ್ಯಾಕರಣವನ್ನು ಮತ್ತೆ ಮೊದಲಿನಿಂದ ಕಲಿಸಬೇಕೆ? ಎಲ್ಲಿಂದ ಆರಂಭಿಸಲಿ?

ಉತ್ತರ: ವ್ಯಾಕರಣದ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿರುವುದು ಮಧ್ಯಮ ಹಂತದ ಕಲಿಕೆಯ ಲಕ್ಷಣವೇ ಹೊರತು ಮಕ್ಕಳ ಸೋಮಾರಿತನವಲ್ಲ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟು ಎ1ರಿಂದ ಸಿ2ರವರೆಗೆ ಆರು ಹಂತಗಳನ್ನು ಗುರುತಿಸುತ್ತದೆ. ಅದರಲ್ಲಿ ನಡುವಿನ ಬಿ1 ಮಟ್ಟದವರು ತಮಗೆ ಪರಿಚಿತವಾದ ಸಂಗತಿಗಳ ಬಗೆಗಿನ ಸರಳ ಬರಹದ ಮುಖ್ಯಾಂಶಗಳನ್ನು ಗ್ರಹಿಸಬಲ್ಲರು. ಅದರ ಮುಂದಿನ ಬಿ2 ಮಟ್ಟದವರು ಅಮೂರ್ತ ವಿಷಯಗಳನ್ನು ಕುರಿತ ಸಂಕೀರ್ಣ ಬರಹದ ತಿರುಳನ್ನೂ ಹಿಡಿಯಬಲ್ಲರು. ನಿಮ್ಮ ವಿದ್ಯಾರ್ಥಿಗಳು ಈ ಎರಡರ ನಡುವೆ ನಿಂತಿದ್ದಾರೆ. ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಗೆಳೆಯರ ನಡುವೆ ನಡೆಯುವ ಮಾತಿಗೆ ಸುತ್ತಲಿನ ಸನ್ನಿವೇಶವೇ ಅರ್ಧ ಅರ್ಥವನ್ನು ಒದಗಿಸುತ್ತದೆ. ಪಠ್ಯಪುಸ್ತಕದ ಪುಟದಲ್ಲಿ ಅಂಥ ನೆರವು ಇರುವುದಿಲ್ಲ, ಅರ್ಥವೆಲ್ಲವೂ ಅಲ್ಲಿನ ವಾಕ್ಯಗಳಿಂದಲೇ ಹುಟ್ಟಬೇಕು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಈ ಎರಡು ಬಗೆಯ ಭಾಷಾಶಕ್ತಿಗಳನ್ನು ಬೇರ್ಪಡಿಸಿ ತೋರಿಸಿದರು. ಅಲ್ಲಿಗೆ ವಲಸೆ ಬಂದ ಮಕ್ಕಳಿಗೆ ಆಡುಮಾತಿನ ಇಂಗ್ಲಿಷ್ ಸುಮಾರು ಎರಡು ವರ್ಷಗಳಲ್ಲಿ ಒಲಿದರೆ, ಪಾಠದ ಇಂಗ್ಲಿಷಿನಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷಗಳು ಬೇಕಾಗುತ್ತಿದ್ದವು ಎಂಬುದು ಅವರು ಕಂಡುಕೊಂಡ ಸಂಗತಿ. ಸುತ್ತ ಇಂಗ್ಲಿಷೇ ತುಂಬಿದ್ದ ಮಕ್ಕಳಿಗೇ ಇಷ್ಟು ಕಾಲ ಬೇಕಾಗಿದ್ದರೆ, ವಾರಕ್ಕೆ ನಾಲ್ಕು ಗಂಟೆ ಮಾತ್ರ ಇಂಗ್ಲಿಷ್ ಕೇಳುವ ನಮ್ಮ ಹುಡುಗ ಹುಡುಗಿಯರ ವಿಷಯದಲ್ಲಿ ತಾಳ್ಮೆಗೆಡಲು ಕಾರಣವೇ ಇಲ್ಲ.

ಆರಂಭಿಸಬೇಕಾದದ್ದು ಓದಿನಿಂದ, ಅದೂ ಒಂದೇ ಬರಹವನ್ನು ಬೇರೆ ಬೇರೆ ಉದ್ದೇಶಗಳಿಂದ ಹಲವು ಸಲ ಓದಿಸುವುದರಿಂದ. ನಾಲ್ಕುನೂರರಿಂದ ಐನೂರು ಪದಗಳ ಬರಹವೊಂದನ್ನು ಆರಿಸಿಕೊಳ್ಳಿ. ಅದು ವಿದ್ಯಾರ್ಥಿಗಳು ಓದುತ್ತಿರುವ ವಿಷಯಕ್ಕೆ ಸೇರಿದ್ದಾಗಿರಲಿ. ಅದರಲ್ಲಿ ಒಂದು ವಾದವಿರಲಿ, ಬರಿಯ ವರ್ಣನೆ ಸಾಲದು. ಉದಾಹರಣೆಗೆ, ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ನದಿಯ ಆಸರೆಯಿಲ್ಲದ, ಕೊಳವೆಬಾವಿಗಳು ಬತ್ತಿದ ಸೀಮೆಯಲ್ಲಿ ಅಂತರ್ಜಲ ಮೇಲೆ ಬಂತೆಂಬ ಸಮಾಧಾನ ಒಂದು ಕಡೆ ಇದೆ. ಆ ನೀರಿನ ಗುಣಮಟ್ಟದ ಬಗೆಗಿನ ಆತಂಕ ಇನ್ನೊಂದು ಕಡೆ ಇದೆ. ಈ ವಿಷಯದ ಮೇಲೆ ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಬಂದಿರುವ ವಿಶ್ಲೇಷಣೆಯೊಂದನ್ನು ತಂದುಕೊಡಿ. ಕೆರೆ ಎಂದರೇನು, ಕೊಳವೆಬಾವಿ ಬತ್ತುವುದೆಂದರೇನು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಅವರ ಗಮನವೆಲ್ಲವೂ ಭಾಷೆಯ ಮೇಲೂ ವಾದದ ಮೇಲೂ ನಿಲ್ಲುತ್ತದೆ.

ಮೊದಲ ಓದಿಗೆ ಐದೇ ನಿಮಿಷ ಸಾಕು. ಶೀರ್ಷಿಕೆಯನ್ನೂ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನೂ ಮಾತ್ರ ಓದಿ, ಇದರಲ್ಲಿ ಏನೇನಿರಬಹುದೆಂದು ಅವರು ಊಹಿಸಿ ಹೇಳಲಿ. ಎರಡನೆಯ ಓದು ನಿಧಾನದ್ದು, ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲ ಕೊಡುವಂಥದ್ದು: ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ, ಆ ಪ್ಯಾರಾ ಏನನ್ನು ಹೇಳುತ್ತದೆ ಎಂಬುದರ ಜೊತೆಗೆ ಅದು ಏನನ್ನು ಮಾಡುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಇಲ್ಲಿ ಸಮಸ್ಯೆಯನ್ನು ಮುಂದಿಟ್ಟಿದ್ದಾರೆ, ಇಲ್ಲಿ ಕಾರಣ ಕೊಟ್ಟಿದ್ದಾರೆ, ಇಲ್ಲಿ ಎದುರಾಳಿಯ ಮಾತನ್ನು ಒಪ್ಪಿಕೊಂಡು ಮುಂದಿನ ಸಾಲಿನಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ, ಇಲ್ಲಿ ಅಂಕಿ ಅಂಶ ತಂದಿದ್ದಾರೆ ಎಂಬಂಥ ಟಿಪ್ಪಣಿಗಳು ಅವು. ಹೀಗೆ ಅಂಚಿನ ಟಿಪ್ಪಣಿ ಬರೆದ ವಿದ್ಯಾರ್ಥಿಗೆ, ಬರಹವೆಂದರೆ ಮಾಹಿತಿಯ ರಾಶಿ ಎಂಬ ಭಾವನೆ ತಾನಾಗಿಯೇ ಕಳಚಿಹೋಗುತ್ತದೆ. ಮೂರನೆಯ ಓದಿನಲ್ಲಿ ಪ್ರಶ್ನೆ ಕೇಳಬೇಕು: ಈ ಮಾತಿಗೆ ಆಧಾರವೇನು, ಇದನ್ನು ಯಾರು ಹೇಳಿದ್ದು, ಲೇಖಕರು ಇದನ್ನು ಖಚಿತವಾಗಿ ಹೇಳುತ್ತಿದ್ದಾರೆಯೇ ಅಥವಾ ಇರಬಹುದೆಂದು ಹೇಳುತ್ತಿದ್ದಾರೆಯೇ? ಇಷ್ಟಾದ ಮೇಲೆ ಐದು ವಾಕ್ಯಗಳ ಸಾರಾಂಶವನ್ನು ಬರೆಸಿ. ಅಷ್ಟು ಸಲ ಓದಿದವರಿಗೆ ಐದು ವಾಕ್ಯ ಬರೆಯುವುದು ಹೊರೆಯೆನಿಸುವುದಿಲ್ಲ.

ಇದೆಲ್ಲವನ್ನೂ ಒಮ್ಮೆ ನೀವೇ ಮಾಡಿ ತೋರಿಸಬೇಕು. 1979ರಲ್ಲಿ ಭಾಷಾ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ದಕ್ಷಿಣ ಭಾರತದ ಶಾಲೆಗಳಲ್ಲಿ ಆರಂಭಿಸಿ, ಐದು ವರ್ಷ ನಡೆಸಿದ ಪ್ರಯೋಗ ಇಂದು ಲೋಕದಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧವಾಗಿದೆ. ಚಟುವಟಿಕೆಯನ್ನು ಆಧರಿಸಿದ ಭಾಷಾ ಬೋಧನೆಯ ಚರ್ಚೆ ಎಲ್ಲೇ ನಡೆದರೂ ಅದರ ಹೆಸರು ಬರುತ್ತದೆ. ನಕಾಶೆ, ರೈಲಿನ ವೇಳಾಪಟ್ಟಿಗಳಂಥ ಸಾಮಗ್ರಿಯನ್ನು ಮುಂದಿಟ್ಟು, ಮೊದಲು ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯ ಜೊತೆ ಗಟ್ಟಿಯಾಗಿ ಯೋಚಿಸುತ್ತ ಬಿಡಿಸುತ್ತಿದ್ದರು. ಅನಂತರ ಅದೇ ಬಗೆಯ ಇನ್ನೊಂದನ್ನು ಪ್ರತಿ ವಿದ್ಯಾರ್ಥಿ ತಾನೇ ಬಿಡಿಸಬೇಕಾಗಿತ್ತು. ಗಮನವೆಲ್ಲ ಸಮಸ್ಯೆಯ ಮೇಲಿತ್ತು. ಭಾಷೆ ಅದರ ಜೊತೆಯಲ್ಲಿ ಕೈಗೆ ಬರುತ್ತಿತ್ತು. ಈ ಕ್ರಮ ಓದಿಗೂ ಚೆನ್ನಾಗಿ ಒಗ್ಗುತ್ತದೆ. ಮೊದಲ ಎರಡು ಪ್ಯಾರಾಗಳನ್ನು ನೀವು ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಓದಿ, ಅಂಚಿನ ಟಿಪ್ಪಣಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಉಳಿದವನ್ನು ಅವರಿಗೆ ಬಿಡಿ. ನಮ್ಮ ನೆಲದಲ್ಲೇ ಬೆಳೆದ ಇಂಥ ವಿಧಾನ ನಮ್ಮ ಶಿಕ್ಷಕರ ತರಬೇತಿಯಲ್ಲಿ ಇಷ್ಟು ಕಡಿಮೆ ಕೇಳಿಬರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಪುಸ್ತಕದಲ್ಲಿ ಉದ್ದದ ವಾಕ್ಯಗಳು ಬಂದರೆ ಕೊನೆಗೆ ತಲುಪುವ ಹೊತ್ತಿಗೆ ಆರಂಭ ಮರೆತುಹೋಗುತ್ತದೆ. ಪ್ರತಿ ಪದಕ್ಕೂ ನಿಘಂಟು ನೋಡಿದರೂ ವಾಕ್ಯದ ಅರ್ಥ ಹೊಳೆಯುವುದಿಲ್ಲ.

ಉತ್ತರ: ನಿಮ್ಮ ತೊಂದರೆ ಪದಗಳದ್ದಕ್ಕಿಂತ ಹೆಚ್ಚಾಗಿ ವಾಕ್ಯದ ಕಟ್ಟಿನದು. ಕನ್ನಡದಲ್ಲಿ ವಿವರಣೆಯೆಲ್ಲ ನಾಮಪದಕ್ಕಿಂತ ಮೊದಲೇ ಬರುತ್ತದೆ: ‘ಹೋದ ವರ್ಷ ಮಳೆಯಿಲ್ಲದೆ ಬೆಳೆ ಕಳೆದುಕೊಂಡ ರೈತರು’ ಎನ್ನುತ್ತೇವೆ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷಿನಲ್ಲಿ ರೈತರು ಮೊದಲು ಬರುತ್ತಾರೆ, ಅವರ ಬಗೆಗಿನ ವಿವರಣೆ ಹೂ, ವಿಚ್, ದಟ್ ಎಂಬ ಪದಗಳ ಬೆನ್ನು ಹಿಡಿದು ಆಮೇಲೆ ಬರುತ್ತದೆ. ಆ ವಿವರಣೆಯೊಳಗೂ ಒಂದು ಕ್ರಿಯಾಪದ ಇರುವುದರಿಂದ, ವಾಕ್ಯದ ಮುಖ್ಯ ಕ್ರಿಯಾಪದ ಯಾವುದೆಂದು ಗೊಂದಲವಾಗುತ್ತದೆ. ಆದ್ದರಿಂದ ಪೆನ್ಸಿಲ್ ಹಿಡಿದು ಓದಿ. ಮುಖ್ಯ ಕ್ರಿಯಾಪದವನ್ನು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ, ‘ಯಾರು? ಯಾವುದು?’ ಎಂದು ಹಿಂದಕ್ಕೆ ಕೇಳಿ ಕರ್ತೃವಿಗೆ ಗೆರೆ ಎಳೆಯಿರಿ, ನಡುವೆ ಬಂದ ವಿವರಣೆಗೆ ಆವರಣ ಹಾಕಿ. ಆವರಣದ ಹೊರಗೆ ಉಳಿದದ್ದನ್ನು ಮೊದಲು ಓದಿ ಅರ್ಥಮಾಡಿಕೊಂಡು, ಆಮೇಲೆ ಆವರಣದೊಳಗಿನದನ್ನು ಅದಕ್ಕೆ ಸೇರಿಸಿಕೊಳ್ಳಿ. ದಿನಕ್ಕೆ ಮೂರೇ ವಾಕ್ಯಗಳನ್ನು ಹೀಗೆ ಬಿಡಿಸುತ್ತ ಬಂದರೆ ಕೆಲವು ವಾರಗಳಲ್ಲಿ ಪೆನ್ಸಿಲ್ ಬೇಕಾಗುವ ವಾಕ್ಯಗಳು ಕಡಿಮೆಯಾಗುತ್ತವೆ.

ಶಾಸ್ತ್ರಗ್ರಂಥಗಳ ಇಂಗ್ಲಿಷಿನಲ್ಲಿ ಇನ್ನೊಂದು ಕಟ್ಟು ಇದೆ. ‘ದಿ ಫೇಲ್ಯೂರ್ ಆಫ್ ದಿ ಮಾನ್ಸೂನ್ ಲೆಡ್ ಟು ಎ ಡಿಕ್ಲೈನ್ ಇನ್ ಪ್ರೊಡಕ್ಷನ್’ ಎಂಬ ವಾಕ್ಯದಲ್ಲಿ ಒಂದೊಂದು ಪದವೂ ನಿಮಗೆ ಗೊತ್ತಿರಬಹುದು. ಆದರೆ ಇಲ್ಲಿ ಎರಡು ಘಟನೆಗಳು ನಾಮಪದಗಳಾಗಿ ಮಡಚಿಕೊಂಡಿವೆ. ಅವನ್ನು ಬಿಚ್ಚಿ, ಮುಂಗಾರು ಕೈಕೊಟ್ಟಿತು, ಆದ್ದರಿಂದ ಉತ್ಪಾದನೆ ಕುಸಿಯಿತು ಎಂದು ಹೇಳಿಕೊಂಡರೆ ತಿಳಿಯಾಗುತ್ತದೆ. ಓದುವಾಗ ಹೀಗೆ ಬಿಚ್ಚುವುದನ್ನು ಕಲಿತವರು ಬರೆಯುವಾಗ ಮಡಚುವುದನ್ನೂ ಮೆಲ್ಲನೆ ಕಲಿಯುತ್ತಾರೆ.

ನಿಘಂಟಿನ ವಿಷಯ. ನಿಮ್ಮ ವಿಷಯದ ಪಾರಿಭಾಷಿಕ ಪದಗಳು, ಅಂದರೆ ಫೋಟೊಸಿಂಥಸಿಸ್, ಆಸ್ಮೋಸಿಸ್ ಮುಂತಾದವು, ನಿಮಗೆ ತೊಡಕಾಗುವುದಿಲ್ಲ. ಅವನ್ನು ಅಧ್ಯಾಪಕರು ವಿವರಿಸಿಯೇ ಇರುತ್ತಾರೆ. ತೀರ ಸಾಮಾನ್ಯ ಪದಗಳೂ ಗೊತ್ತಿರುತ್ತವೆ. ಕಾಡುವವು ಇವೆರಡರ ನಡುವಿನವು: ಅಸ್ಯೂಮ್, ಸಿಗ್ನಿಫಿಕೆಂಟ್, ಫ್ಯಾಕ್ಟರ್, ಡಿರೈವ್, ಕಾನ್‌ಸಿಸ್ಟೆಂಟ್. ಇವನ್ನು ಯಾವ ತರಗತಿಯಲ್ಲೂ ಯಾರೂ ಪ್ರತ್ಯೇಕವಾಗಿ ಕಲಿಸುವುದಿಲ್ಲ, ಆದರೆ ಎಲ್ಲ ವಿಷಯಗಳ ಪುಸ್ತಕಗಳಲ್ಲೂ ಬರುತ್ತವೆ. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂಬ ನಾಲ್ಕು ಕ್ಷೇತ್ರಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಜಾಲಾಡಿ ಇಂಥ 570 ಪದಕುಟುಂಬಗಳ, ಅಂದರೆ ಒಂದೇ ಮೂಲಪದದಿಂದ ಬಂದ ಪದಗಳ ಗುಂಪುಗಳ, ಪಟ್ಟಿಯನ್ನು 2000ದಲ್ಲಿ ಪ್ರಕಟಿಸಿದರು. ಅಧ್ಯಯನ ಬರಹಗಳಲ್ಲಿ ಬರುವ ಪದಗಳಲ್ಲಿ ಹತ್ತರಲ್ಲಿ ಒಂದು ಪಾಲು ಈ ಪಟ್ಟಿಯವೇ. ಅಂತರ್ಜಾಲದಲ್ಲಿ ಅದು ಉಚಿತವಾಗಿ ಸಿಗುತ್ತದೆ. ವಾರಕ್ಕೆ ಹತ್ತು ಪದಗಳಂತೆ, ನಿಮ್ಮದೇ ಪುಸ್ತಕದಲ್ಲಿ ಅವು ಬಂದ ವಾಕ್ಯದೊಂದಿಗೆ ಬರೆದಿಟ್ಟುಕೊಂಡರೆ ಎರಡು ವರ್ಷದೊಳಗೆ ಪಟ್ಟಿ ಮುಗಿಯುತ್ತದೆ. ಉಳಿದ ಪದಗಳಿಗೆ ನಿಘಂಟು ತೆರೆಯುವುದು ಅದೇ ಪುಟದಲ್ಲಿ ಪದ ಎರಡನೆಯ ಸಲ ಬಂದಾಗ, ಇಲ್ಲವೇ ಅದಿಲ್ಲದೆ ಪ್ಯಾರಾದ ತಿರುಳೇ ಸಿಗದಿದ್ದಾಗ ಮಾತ್ರ. ಐವತ್ತು ಪದಗಳಿಗೆ ಒಂದರಷ್ಟು ಹೊಸ ಪದಗಳಿರುವ ಬರಹವನ್ನು ಯಾರ ನೆರವೂ ಇಲ್ಲದೆ ಓದಬಹುದು ಎಂಬುದು ಪದಸಂಪತ್ತಿನ ಸಂಶೋಧಕರಲ್ಲಿ ಬಳಕೆಯಲ್ಲಿರುವ ಅಳತೆ. ನಿಮ್ಮ ಪುಸ್ತಕ ಅದಕ್ಕಿಂತ ಬಹಳ ಕಷ್ಟವಾಗಿದ್ದರೆ, ಅದೇ ವಿಷಯವನ್ನು ಕುರಿತ ಕನ್ನಡ ಬರಹವನ್ನು ಮೊದಲು ಓದಿಕೊಂಡು ಬನ್ನಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ತುಮಕೂರು ಜಿಲ್ಲೆಯ ಖಾಸಗಿ ಕಾಲೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಇಂಗ್ಲಿಷ್ ತರಗತಿಯಲ್ಲಿ ಒಂದು ಪದ ಕನ್ನಡವನ್ನೂ ಆಡಕೂಡದೆಂದು ನಿಯಮವಿದೆ. ಹಿರಿಯ ಸಹೋದ್ಯೋಗಿಗಳಲ್ಲಿ ಕೆಲವರು ಮಾತ್ರ ಪಾಠವನ್ನೆಲ್ಲ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡರಿಂದಲೂ ವಿದ್ಯಾರ್ಥಿಗೆ ನಷ್ಟವೇ. ಸಾಲುಸಾಲಾಗಿ ತಿರುಗಿಸಿ ಹೇಳಿದರೆ ಓದುವವರು ನೀವೇ ಆಗುತ್ತೀರಿ. ವಿದ್ಯಾರ್ಥಿ ಕೇಳುಗನಾಗಿ ಉಳಿಯುತ್ತಾನೆ, ವರ್ಷದ ಕೊನೆಗೂ ಅವನ ಕಣ್ಣು ಇಂಗ್ಲಿಷ್ ಪುಟದ ಮೇಲೆ ಓಡಿರುವುದಿಲ್ಲ. ಕನ್ನಡವನ್ನು ಪೂರ್ತಿ ನಿಷೇಧಿಸಿದರೆ ಹದಿನೆಂಟು ವರ್ಷದ ಯುವತಿಯೊಬ್ಬಳು ತನ್ನ ವಯಸ್ಸಿಗೆ ತಕ್ಕ ಯೋಚನೆಯನ್ನು ತರಗತಿಯ ಹೊರಗೆ ಬಿಟ್ಟು, ತನಗೆ ಗೊತ್ತಿರುವ ಅಷ್ಟಿಷ್ಟು ಇಂಗ್ಲಿಷಿಗೆ ಹೊಂದುವಷ್ಟನ್ನೇ ಯೋಚಿಸಬೇಕಾಗುತ್ತದೆ. ಅದು ಅನ್ಯಾಯ. ಓದುವುದು ಇಂಗ್ಲಿಷಿನಲ್ಲಿ, ಓದಿದ್ದನ್ನು ಗುಂಪಿನಲ್ಲಿ ಚರ್ಚಿಸುವುದು ಕನ್ನಡದಲ್ಲಿ, ಬರೆಯುವುದು ಮತ್ತೆ ಇಂಗ್ಲಿಷಿನಲ್ಲಿ ಎಂಬ ವಿಂಗಡಣೆಯನ್ನು ಮಾಡಿಕೊಳ್ಳಿ. ಚರ್ಚೆಯಲ್ಲಿ ವಾದ ಹುರಿಗೊಂಡಿದ್ದರೆ ಬರೆಯುವಾಗ ಅವರು ಭಾಷೆಯೊಂದರ ಜೊತೆಗೆ ಮಾತ್ರ ಸೆಣಸಬೇಕಾಗುತ್ತದೆ.

ಪ್ಯಾರಾ ಕಟ್ಟುವುದನ್ನು ಕಲಿಸಲು ನಮ್ಮಲ್ಲೇ ಒಂದು ಉತ್ತಮ ಮಾದರಿ ಇದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಮೊದಲು ಕಂದಪದ್ಯದಲ್ಲಿ ಸೂತ್ರವನ್ನು ಹೇಳುತ್ತಾನೆ, ಅನಂತರ ವೃತ್ತಿಯಲ್ಲಿ ಅದನ್ನು ವಿವರಿಸುತ್ತಾನೆ, ಆಮೇಲೆ ಪ್ರಯೋಗವೆಂದು ಹಿಂದಿನ ಕವಿಗಳಿಂದ ಉದಾಹರಣೆಗಳನ್ನು ಎತ್ತಿಕೊಡುತ್ತಾನೆ. ಇಂಗ್ಲಿಷ್ ಅಧ್ಯಯನ ಬರಹದ ಪ್ಯಾರಾ ಬಹುಮಟ್ಟಿಗೆ ಇದೇ ನಡೆಯದು: ಮೊದಲ ವಾಕ್ಯದಲ್ಲಿ ಪ್ರತಿಪಾದನೆ, ಮುಂದಿನ ಒಂದೆರಡು ವಾಕ್ಯಗಳಲ್ಲಿ ಅದರ ವಿವರಣೆ, ಬಳಿಕ ಬೇರೊಬ್ಬರ ಗ್ರಂಥದಿಂದಲೋ ಅಂಕಿ ಅಂಶಗಳಿಂದಲೋ ತಂದ ಸಾಕ್ಷ್ಯ. ಇಂಗ್ಲಿಷ್ ಕೈಪಿಡಿಗಳ ಟಾಪಿಕ್ ಸೆಂಟೆನ್ಸ್ ಎಂಬ ಮಾತಿಗಿಂತ ‘ನಿನ್ನ ಸೂತ್ರವೇನು? ವೃತ್ತಿ ಎಲ್ಲಿ? ಪ್ರಯೋಗ ಎಲ್ಲಿಂದ ತಂದೆ?’ ಎಂದು ಕೇಳಿದಾಗ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ತಟ್ಟನೆ ಹಿಡಿದುಕೊಳ್ಳುತ್ತಾರೆ. ಶಾಸ್ತ್ರವನ್ನು ಬರೆಯುವ ಶಿಸ್ತು ತಮ್ಮ ಭಾಷೆಯಲ್ಲಿ ಏಳೆಂಟು ನೂರು ವರ್ಷಗಳಿಂದ ಇದೆ ಎಂದು ತಿಳಿದವರಿಗೆ ಇಂಗ್ಲಿಷಿನ ಮುಂದೆ ಕುಗ್ಗಿ ನಿಲ್ಲುವ ಪ್ರಮೇಯ ಕಡಿಮೆ.

ಖಚಿತತೆಯ ಮಟ್ಟವನ್ನು ಅಳೆದು ಹೇಳುವುದೂ ಹಾಗೆಯೇ. ‘ಎನ್ನಬಹುದು’, ‘ಎಂದು ತೋರುತ್ತದೆ’, ‘ಬಹುಮಟ್ಟಿಗೆ’ ಎಂಬುವನ್ನು ಕನ್ನಡದ ವಿಮರ್ಶಕರು ದಿನವೂ ಬಳಸುತ್ತಾರೆ. ಆದರೆ ಅದೇ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆಯುವಾಗ ಮೊಬೈಲ್ ಫೋನ್ ಯುವಜನರನ್ನು ಹಾಳುಮಾಡುತ್ತದೆ ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಮೇ, ಟೆಂಡ್ ಟು, ಇನ್ ಮೋಸ್ಟ್ ಕೇಸಸ್, ಸೀಮ್ಸ್ ಟು ಎಂಬ ನಾಲ್ಕೈದು ನುಡಿಗಟ್ಟುಗಳನ್ನು ಕೊಟ್ಟು, ಅವನದೇ ವಾಕ್ಯವನ್ನು ಮೂರು ಬಗೆಯ ಖಚಿತತೆಯಲ್ಲಿ ಬರೆಯಲು ಹೇಳಿ, ಅವುಗಳಲ್ಲಿ ಯಾವುದಕ್ಕೆ ತನ್ನಲ್ಲಿ ಆಧಾರವಿದೆ ಎಂದು ಅವನೇ ನಿರ್ಧರಿಸಲಿ.

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತೇನೆ. ಅಂತರ್ಜಾಲದಿಂದ ಎತ್ತಿ ಅಂಟಿಸುವುದು, ಈಗೀಗ ಚಾಟ್‌ಜಿಪಿಟಿಯಿಂದ ಬರೆಸಿಕೊಂಡು ಬರುವುದು ಹೆಚ್ಚಾಗಿದೆ. ಶಿಕ್ಷೆಯ ಭಯ ಹುಟ್ಟಿಸುವುದರ ಹೊರತು ಬೇರೆ ದಾರಿ ಇದೆಯೇ? — ಶಿವಮೊಗ್ಗದ ಅಧ್ಯಾಪಕರು

ಉತ್ತರ: ನಿಯಮ ಇರುವುದು ಸರಿ, ಅದನ್ನು ಮೊದಲ ದಿನವೇ ತಿಳಿಸಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ; ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ತಂತ್ರಾಂಶ ಹೇಳುವ ಶೇಕಡಾವಾರು ಅಂಕಿಯಷ್ಟನ್ನೇ ನೋಡುತ್ತ ಹೋದರೆ, ವಿದ್ಯಾರ್ಥಿ ಕಲಿಯುವುದು ಪದಗಳನ್ನು ಅದಲುಬದಲು ಮಾಡಿ ತಂತ್ರಾಂಶದ ಕಣ್ಣು ತಪ್ಪಿಸುವುದನ್ನು.

ಎತ್ತಿ ಅಂಟಿಸುವವರಲ್ಲಿ ಎರಡು ಬಗೆಯವರಿದ್ದಾರೆ. ಮೋಸದ ಉದ್ದೇಶವುಳ್ಳವರು ಕೆಲವರು. ಹೆಚ್ಚಿನವರು ಮೂಲದ ವಾಕ್ಯವನ್ನು ತಮ್ಮದಾಗಿ ಹೇಳುವಷ್ಟು ಇಂಗ್ಲಿಷ್ ಇನ್ನೂ ಕೈಗೆ ಬಾರದೆ, ಅಲ್ಲೊಂದು ಇಲ್ಲೊಂದು ಪದ ಬದಲಿಸಿ ತೇಪೆ ಹಾಕುವವರು. ತೇಪೆಯ ಬರಹ ಕಲಿಕೆಯ ನಡುವಿನ ಒಂದು ಘಟ್ಟ. ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗುವುದು ನಮ್ಮ ಹೊಣೆ. ಅದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ವಿದ್ಯಾರ್ಥಿ ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಬೇಕು. ಪಕ್ಕದವರಿಗೆ ಅದನ್ನು ಕನ್ನಡದಲ್ಲಿ ಹೇಳಬೇಕು, ಅವರು ‘ಯಾಕೆ?’, ‘ಅದು ಹೇಗೆ ಗೊತ್ತು?’ ಎಂದು ಕೇಳಬೇಕು. ಬಳಿಕ ಪುಸ್ತಕ ಮುಚ್ಚಿದಂತೆಯೇ ಇಟ್ಟು ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆಯಬೇಕು. ಕೊನೆಗೆ ಪುಸ್ತಕ ತೆರೆದು ಅರ್ಥ ತಪ್ಪಿದೆಯೇ ಎಂದೂ, ಮೂಲದ ಪದಸರಣಿ ಎಲ್ಲಾದರೂ ನುಸುಳಿದೆಯೇ ಎಂದೂ ನೋಡಿ, ಲೇಖಕರ ಹೆಸರನ್ನೂ ಪುಟವನ್ನೂ ಅಲ್ಲೇ ಬರೆದುಕೊಳ್ಳಬೇಕು. ಪುಸ್ತಕ ಮುಚ್ಚಿದ್ದಾಗ ಮೂಲದ ವಾಕ್ಯ ಕಣ್ಣೆದುರು ಇರುವುದಿಲ್ಲ. ತಾನು ಗ್ರಹಿಸಿದ ಅರ್ಥವೊಂದೇ ಇರುತ್ತದೆ.

ಬೇರೆಯವರ ಮಾತನ್ನು ತರುವ ಕ್ರಿಯಾಪದಗಳ ವಿಷಯದಲ್ಲಿ ಒಂದು ತರಗತಿಯನ್ನೇ ಮೀಸಲಿಡಿ. ನಮ್ಮ ವಿದ್ಯಾರ್ಥಿಗಳು ಎಲ್ಲರ ಬಾಯಲ್ಲೂ ಸೇಸ್ ಎಂದೇ ಹೇಳಿಸುತ್ತಾರೆ. ಆರ್ಗ್ಯೂಸ್, ಸಜೆಸ್ಟ್ಸ್, ಷೋಸ್, ಕ್ಲೇಮ್ಸ್ ಎಂಬುವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಆ ಲೇಖಕರ ಮಾತಿನ ಬಗ್ಗೆ ತಮ್ಮ ನಿಲುವನ್ನೂ ಹೇಳಿದಂತಾಗುತ್ತದೆ ಎಂದು ಮನವರಿಕೆಯಾದ ದಿನ ಅವರ ಬರಹದಲ್ಲಿ ಅವರೇ ಕಾಣಿಸಿಕೊಳ್ಳಲು ತೊಡಗುತ್ತಾರೆ. ಚಾಟ್‌ಜಿಪಿಟಿಯ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದುದು: ಓದಿ ಸಾರಾಂಶ ಬರೆಯುವ ಹೆಜ್ಜೆಯಲ್ಲೇ ಕಲಿಕೆ ನಡೆಯುವುದರಿಂದ ಆ ಹೆಜ್ಜೆಯನ್ನು ಯಂತ್ರಕ್ಕೆ ಬಿಟ್ಟುಕೊಡಬಾರದು. ಮೊದಲ ಕರಡು ತರಗತಿಯಲ್ಲೇ, ಕೈಬರಹದಲ್ಲಿ ಆಗಲಿ. ಅದಾದ ಮೇಲೆ ತಮ್ಮ ಕರಡಿನ ವ್ಯಾಕರಣವನ್ನು ಪರೀಕ್ಷಿಸಿಕೊಳ್ಳಲು ಬಳಸುವುದಾದರೆ ಬಳಸಲಿ; ಯಾವ ತಿದ್ದುಪಡಿಯನ್ನು ಏಕೆ ಒಪ್ಪಿದೆ ಎಂದು ಹೇಳಬಲ್ಲವರಾಗಿರಬೇಕು.

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಮುಗಿಸಿ ಐರ್ಲೆಂಡಿಗೆ ಎಂ.ಎಸ್. ಓದಲು ಹೋಗಬೇಕೆಂದಿದ್ದಾಳೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಎರಡು ತಿಂಗಳ ತರಬೇತಿ ಸಾಕೇ? — ದಾವಣಗೆರೆಯ ತಾಯಿಯೊಬ್ಬರು

ಉತ್ತರ: ಪರೀಕ್ಷೆಯ ಸ್ವರೂಪ ತಿಳಿಯಲು ಸಾಕು. ಅದರ ಅಕಾಡೆಮಿಕ್ ವಿಭಾಗದಲ್ಲಿ ಓದಿಗೆ 60 ನಿಮಿಷ, ಮೂರು ಬರಹ, 40 ಪ್ರಶ್ನೆ. ಬರವಣಿಗೆಗೂ 60 ನಿಮಿಷ, ನಕ್ಷೆ ಅಥವಾ ಕೋಷ್ಟಕವನ್ನು ವಿವರಿಸಲು ಕನಿಷ್ಠ 150 ಪದ, ಪ್ರಬಂಧಕ್ಕೆ ಕನಿಷ್ಠ 250 ಪದ. ಪ್ರಬಂಧಕ್ಕೆ ಮೊದಲಿನದರ ಎರಡರಷ್ಟು ತೂಕವಿರುವುದರಿಂದ 40 ನಿಮಿಷಗಳನ್ನು ಅದಕ್ಕೇ ಇಟ್ಟುಕೊಳ್ಳಲಿ. ಆದರೆ ಅಲ್ಲಿಗೆ ಹೋದ ಮೇಲೆ ಅವಳು ವಾರಕ್ಕೆ ನಾಲ್ಕಾರು ಸಂಶೋಧನಾ ಲೇಖನಗಳನ್ನು ಓದಿ, ಆಧಾರಗಳನ್ನು ಕೊಟ್ಟು ಎರಡು ಮೂರು ಸಾವಿರ ಪದಗಳ ವರದಿ ಬರೆಯಬೇಕಾದೀತು. ಪರೀಕ್ಷೆಯ ಪ್ರಬಂಧದಲ್ಲಿ ಆಧಾರ ಕೊಡುವ ಕೆಲಸವೇ ಇಲ್ಲ. ಆದ್ದರಿಂದ ಈಗಿನಿಂದಲೇ ತನ್ನ ಕ್ಷೇತ್ರದ ಲೇಖನಗಳ ಪೀಠಿಕೆಯ ಭಾಗವನ್ನಷ್ಟೇ ವಾರಕ್ಕೆ ಎರಡರಂತೆ ಓದಲಿ. ಭಾಷಾತಜ್ಞ ಜಾನ್ ಸ್ವೇಲ್ಸ್ ತೋರಿಸಿಕೊಟ್ಟಂತೆ ಇಂಥ ಪೀಠಿಕೆಗಳಲ್ಲಿ ಸಾಮಾನ್ಯವಾಗಿ ಮೂರು ನಡೆಗಳಿರುತ್ತವೆ: ಈ ವಿಷಯ ಏಕೆ ಮುಖ್ಯ, ಇದರಲ್ಲಿ ಇನ್ನೂ ಆಗಬೇಕಾದದ್ದು ಏನು ಉಳಿದಿದೆ, ಈ ಲೇಖನ ಅದರಲ್ಲಿ ಏನನ್ನು ಮಾಡುತ್ತದೆ. ಆ ಮೂರನ್ನೂ ಗುರುತಿಸಿ ಗೆರೆ ಎಳೆಯುತ್ತ ಬಂದರೆ ಸಾಕು.

ಪ್ರಶ್ನೆ: ನೀವು ಬರೆಸಿ ಬರೆಸಿ ಎನ್ನುತ್ತೀರಿ. ನನ್ನ ಒಂದೊಂದು ತರಗತಿಯಲ್ಲೂ ಎಪ್ಪತ್ತು ವಿದ್ಯಾರ್ಥಿಗಳು. ವಾರವಾರ ಎಪ್ಪತ್ತು ಪುಸ್ತಕ ತಿದ್ದುವುದು ಸಾಧ್ಯವೇ? — ವಿಜಯಪುರದ ಉಪನ್ಯಾಸಕರು

ಉತ್ತರ: ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಪ್ರತಿ ತಪ್ಪಿಗೂ ಕೆಂಪು ಗೆರೆ ಎಳೆಯುವುದರಿಂದ ವಿದ್ಯಾರ್ಥಿಯ ಮುಂದಿನ ಬರಹ ಉತ್ತಮಗೊಳ್ಳುತ್ತದೆ ಎಂಬ ನಂಬಿಕೆಯನ್ನು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಲವಾಗಿ ಪ್ರಶ್ನಿಸಿದರು. ವ್ಯಾಕರಣ ತಿದ್ದುವುದನ್ನೇ ಕೈಬಿಡಬೇಕೆಂಬುದು ಅವರ ವಾದ. 1999ರಲ್ಲಿ ಅದೇ ಕ್ಷೇತ್ರದ ಡಾನಾ ಫೆರಿಸ್ ಅದಕ್ಕೆ ಉತ್ತರಿಸುತ್ತ, ಆಯ್ದು, ಸ್ಪಷ್ಟವಾಗಿ ತಿದ್ದಿದರೆ ಪ್ರಯೋಜನವಿದೆ ಎಂದರು. ಚರ್ಚೆ ಇನ್ನೂ ನಡೆದಿದೆ. ನಾನು ಫೆರಿಸ್ ಅವರ ಪಕ್ಷದವನು. ಏನನ್ನೂ ತಿದ್ದದೆ ಕೊಟ್ಟರೆ ನಮ್ಮ ವಿದ್ಯಾರ್ಥಿಗಳು ಅದನ್ನು ಉಪೇಕ್ಷೆ ಎಂದೇ ತಿಳಿಯುತ್ತಾರೆ. ಆದರೆ ಟ್ರಸ್ಕಾಟ್ ಅವರ ಎಚ್ಚರಿಕೆಯಲ್ಲಿ ಹುರುಳಿದೆ: ಇಪ್ಪತ್ತು ಕೆಂಪು ಗೆರೆಗಳಿರುವ ಪುಟವನ್ನು ಯಾರೂ ಎರಡನೆಯ ಸಲ ಓದುವುದಿಲ್ಲ.

ನೂರು ಪದ ಮೀರದ ಒಂದು ಪ್ಯಾರಾ ವಾರಕ್ಕೆ ಸಾಕು. ತರಗತಿಯನ್ನು ನಾಲ್ಕು ಪಾಲು ಮಾಡಿ, ಪ್ರತಿ ವಾರ ಒಂದು ಪಾಲಿನ ಹದಿನೇಳು ಹದಿನೆಂಟು ಪುಸ್ತಕಗಳನ್ನು ಮಾತ್ರ ನೀವು ಓದಿ. ತಿಂಗಳಿಗೊಮ್ಮೆ ಪ್ರತಿಯೊಬ್ಬರ ಬರಹವೂ ನಿಮ್ಮ ಕಣ್ಣಿಗೆ ಬೀಳುತ್ತದೆ. ಉಳಿದವರು ಜೊತೆಯವರಿಗೆ ಓದಲು ಕೊಡಲಿ, ಆದರೆ ಜೊತೆಯವರು ತಪ್ಪು ಹುಡುಕಬಾರದು. ನಿನ್ನ ಮುಖ್ಯ ಮಾತು ನನಗೆ ಇದೆಂದು ತಿಳಿಯಿತು, ಇದಕ್ಕೆ ನೀನು ಕೊಟ್ಟ ಆಧಾರ ಇದು, ಈ ಜಾಗದಲ್ಲಿ ನನಗೆ ಅರ್ಥವಾಗಲಿಲ್ಲ ಎಂದು ಮೂರು ಸಾಲು ಬರೆದುಕೊಡಬೇಕು, ಅಷ್ಟೆ. ನೀವು ಓದುವ ಪುಸ್ತಕಗಳಲ್ಲೂ ಮೊದಲು ವಾದದ ಬಗ್ಗೆ ಒಂದು ಪೂರ್ಣ ವಾಕ್ಯ ಬರೆಯಿರಿ. ವ್ಯಾಕರಣದಲ್ಲಿ ಆ ತಿಂಗಳು ಒಂದೇ ಅಂಶವನ್ನು ಆರಿಸಿಕೊಳ್ಳಿ. ಜುಲೈಯಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆಯನ್ನು ನೋಡುವುದಾದರೆ ಅದನ್ನು ಮಾತ್ರ ನೋಡಿ. ಎ, ಆ್ಯನ್, ದಿ ಎಂಬ ಉಪಪದಗಳನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಕನ್ನಡದಲ್ಲಿ ಅವು ಇಲ್ಲದಿರುವುದರಿಂದ ಅವು ಹದಕ್ಕೆ ಬರಲು ಬಹಳ ಕಾಲ ಬೇಕು, ಅವು ತಪ್ಪಿದರೂ ಅರ್ಥ ಕೆಡುವುದು ಅಪರೂಪ. ತಿದ್ದುವಾಗ ಸರಿಯಾದ ರೂಪವನ್ನು ನೀವೇ ಬರೆದುಕೊಡದೆ ತಪ್ಪಿರುವ ಸಾಲಿನ ಅಂಚಿನಲ್ಲಿ ಗುರುತು ಮಾಡಿ ಬಿಡಿ, ಹುಡುಕುವುದು ಅವರ ಕೆಲಸ.

ಇನ್ನೊಂದು ಮಾತು. ತಿದ್ದಿದ ಪ್ಯಾರಾವನ್ನು ಮತ್ತೆ ಬರೆಯಿಸದಿದ್ದರೆ ನಿಮ್ಮ ಶ್ರಮ ವ್ಯರ್ಥವಾಗುತ್ತದೆ. ಹೊಸ ವಿಷಯಗಳ ಮೇಲೆ ಎಂಟು ಪ್ಯಾರಾ ಬರೆಸುವುದಕ್ಕಿಂತ ನಾಲ್ಕನ್ನು ಎರಡೆರಡು ಸಲ ಬರೆಸಿ, ಅಂಕವನ್ನು ಎರಡನೆಯ ಕರಡಿಗೆ ಮಾತ್ರ ಕೊಡಿ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಇದಕ್ಕೆ ಬಳಸಿಕೊಳ್ಳಲು ನಿಮ್ಮ ವಿಭಾಗದ ಸಭೆಯಲ್ಲಿ ಒಪ್ಪಿಗೆ ಪಡೆದುಕೊಂಡರೆ ಮುಂದಿನ ಸೆಮಿಸ್ಟರಿನಿಂದಲೇ ಆರಂಭಿಸಬಹುದು.